ತಲೆಗೆ ತೊಡುವ ತೆರೆ: ನೋಟಕ್ಕೊಂದು, ಆಟಕ್ಕೊಂದು

ವಾಚಕರು ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕೆಂದು ನಮ್ಮ ಕೋರಿಕೆ. ಈ ಸಂಚಿಕೆಯನ್ನು ಕಣ್ಣಿನಿಂದ ಒಂದು ಮೊಳ ದೂರದಲ್ಲಿ ಹಿಡಿದು, ತಲೆಯನ್ನು ಅಲುಗಿಸದೆ, ಪುಟವನ್ನು ಎಡಕ್ಕೂ ಬಲಕ್ಕೂ ಬೇಗಬೇಗನೆ ಆಡಿಸಿರಿ. ಅಕ್ಷರಗಳು ಕಲಸಿಹೋಗಿ ಓದಲು ಬಾರದಂತಾಗುವುವು. ಈಗ ಪುಟವನ್ನು ನಿಶ್ಚಲವಾಗಿ ಹಿಡಿದು, ಅಷ್ಟೇ ವೇಗದಿಂದ ತಲೆಯನ್ನು ಎಡಬಲಕ್ಕೆ ತಿರುಗಿಸುತ್ತ ಓದಿರಿ. ಅಕ್ಷರಗಳು ನಿಂತಲ್ಲೇ ನಿಂತಿರುವುವು. ಓದು ತಡೆಯಿಲ್ಲದೆ ಸಾಗುವುದು. ತಲೆಗೂ ಪುಟಕ್ಕೂ ನಡುವಣ ಚಲನೆ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಆದರೂ ಫಲ ಬೇರೆಯಾಯಿತು. ಹೀಗೇಕೆ?

ಕಾರಣ ಅಡಗಿರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ. ನಮ್ಮ ಒಳಕಿವಿಯಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳುಂಟು. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದೊಡನೆ ದ್ರವ ಕ್ಷಣಮಾತ್ರ ಹಿಂದುಳಿಯುವುದು. ಅಲ್ಲಿಯ ಸೂಕ್ಷ್ಮ ರೋಮಗಳು ಬಾಗುವುವು. ಸುದ್ದಿ ನರಗಳ ಮೂಲಕ ಕಣ್ಣಿನ ಸ್ನಾಯುಗಳನ್ನು ಮುಟ್ಟಿ, ತಲೆ ತಿರುಗಿದಷ್ಟನ್ನೇ ಕಣ್ಣುಗುಡ್ಡೆ ವಿರುದ್ಧ ದಿಕ್ಕಿಗೆ ತಿರುಗಿಬಿಡುವುದು. ಇದಕ್ಕೆ ಬೇಕಾಗುವ ಕಾಲ ಸುಮಾರು 10 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ನೂರರಲ್ಲೊಂದು ಪಾಲು. ಚಲಿಸುವ ವಸ್ತುವನ್ನು ಕಣ್ಣು ತಾನೇ ನೋಡಿ ಹಿಂಬಾಲಿಸಬೇಕಾದರೆ ಅದರ ಹತ್ತರಷ್ಟು ಕಾಲ ಹಿಡಿಯುವುದು. ಪುಟ ಆಡಿದಾಗ ಕಣ್ಣು ಸೋತದ್ದೂ, ತಲೆ ಆಡಿದಾಗ ಗೆದ್ದದ್ದೂ ಇದರಿಂದಲೇ.

ಅಂಗಡಿಗಳಲ್ಲಿ ಹೆಡ್‌ಸೆಟ್ ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ಸಾಧನವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದನ್ನು ಇಲ್ಲಿ ಶಿರೋದರ್ಶಕ ಎಂದು ಕರೆಯೋಣ. ಚಲನಚಿತ್ರ ನೋಡುವವನೂ ಅದನ್ನು ತೊಡುತ್ತಾನೆ. ವರ್ಚುವಲ್ ರಿಯಾಲಿಟಿ ಎಂಬ ಮಿಥ್ಯಾಲೋಕದ ಆಟವನ್ನು ಆಡುವವನೂ ತೊಡುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಜಾತಿಯವು. ಆದರೆ ಮೇಲೆ ಹೇಳಿದ ಕಿವಿ-ಕಣ್ಣುಗಳ ಒಪ್ಪಂದದ ಮುಂದೆ ನಿಲ್ಲಿಸಿದಾಗ ಇವೆರಡೂ ಬಹುಮಟ್ಟಿಗೆ ವಿರುದ್ಧ ಗುಣಗಳನ್ನು ಬೇಡುವ ಯಂತ್ರಗಳೆಂಬುದು ಗೊತ್ತಾಗುವುದು. ಒಂದರ ಗುಣ ಇನ್ನೊಂದರ ದೋಷ. ಇದನ್ನು ಅರಿಯದೆ ಹಣ ತೆತ್ತು, ಹತ್ತು ನಿಮಿಷದಲ್ಲಿ ಹೊಟ್ಟೆ ತೊಳಸಿ, ಸಾಧನವನ್ನು ಪೆಟ್ಟಿಗೆಗೆ ಸೇರಿಸಿದವರು ಕಡಮೆಯೇನಲ್ಲ.

ವಂಶಾವಳಿಯನ್ನು ಸ್ವಲ್ಪ ನೋಡೋಣ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕನ್ನಡಿಗಳ ನೆರವಿನಿಂದ ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸಿ, ಚಪ್ಪಟೆಯ ಕಾಗದದಲ್ಲಿ ಆಳ ಕಾಣುವಂತೆ ಮಾಡಿದನು. ಡೇವಿಡ್ ಬ್ರೂಸ್ಟರನು ಕನ್ನಡಿಗೆ ಬದಲು ಮಸೂರಗಳನ್ನಿಟ್ಟು ಆ ಉಪಕರಣವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ವಿಕ್ಟೋರಿಯಾ ರಾಣಿಯ ಮೆಚ್ಚುಗೆಯನ್ನು ಪಡೆಯಿತು. ಇದನ್ನು ತಲೆಗೇ ಕಟ್ಟಿದವನು ಅಮೆರಿಕದ ಮಾರ್ಟನ್ ಹೈಲಿಗ್. ಅವನು 1960ರಲ್ಲಿ ಪೇಟೆಂಟು ಪಡೆದ ಮುಖವಾಡವು ಕಣ್ಣಿಗೆ ಚಿತ್ರವನ್ನೂ ಕಿವಿಗೆ ಶಬ್ದವನ್ನೂ ಒದಗಿಸುವಂಥದು. ಆದರೆ ಚಿತ್ರ ಮೊದಲೇ ಸಿದ್ಧವಾದದ್ದು. ನೋಡುವವನು ಯಾವ ಕಡೆ ತಿರುಗಿದರೂ ಅದು ಬದಲಾಗದು.

1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಪ್ರಕಟಿಸಿದ ಪ್ರಬಂಧ ಇದಕ್ಕಿಂತ ಬೇರೆಯದನ್ನು ಹೇಳಿತು. ಅವನ ಉಪಕರಣದಲ್ಲಿ ತಲೆ ಎತ್ತ ತಿರುಗಿತು, ಎಷ್ಟು ಸರಿಯಿತು ಎಂಬುದನ್ನು ಚಾವಣಿಯಿಂದ ಇಳಿಬಿದ್ದ ಲೋಹದ ತೋಳೊಂದು ಅಳೆಯುತ್ತಿತ್ತು. ಅದಕ್ಕನುಸಾರವಾಗಿ ಗಣಕಯಂತ್ರವು ಚಿತ್ರವನ್ನು ಹೊಸದಾಗಿ ಬರೆಯುತ್ತಿತ್ತು. ಚಿತ್ರವೆಂದರೆ ಬರಿಯ ಗೆರೆಗಳಿಂದಾದ ಘನಾಕೃತಿ, ಅಷ್ಟೆ. ಆದರೂ ನೋಡುವವನು ಪಕ್ಕಕ್ಕೆ ಸರಿದರೆ ಆ ಘನದ ಪಕ್ಕದ ಮುಖ ಕಾಣುತ್ತಿತ್ತು. ತಲೆಯ ಮೇಲೆ ತೂಗುತ್ತಿದ್ದ ಆ ತೋಳಿಗೆ ಗ್ರೀಕರ ಕಥೆಯ ಡಾಮೊಕ್ಲೀಸನ ಖಡ್ಗವೆಂಬ ಅಡ್ಡಹೆಸರು ಬಂತು. ಇಂದಿನ ನೋಟದ ದರ್ಶಕಗಳೆಲ್ಲ ಹೈಲಿಗನ ಸಂತತಿ. ಆಟದ ದರ್ಶಕಗಳು ಸದರ್‌ಲ್ಯಾಂಡನ ಸಂತತಿ.

ಎರಡಕ್ಕೂ ಸಾಮಾನ್ಯವಾದ ಅಂಗವೆಂದರೆ ಮಸೂರ. ಕಣ್ಣಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿರುವ ಪರದೆಯನ್ನು ಬರಿಗಣ್ಣು ಸ್ಪಷ್ಟವಾಗಿ ನೋಡಲಾರದು. ನಡುವೆ ಪೀನ ಮಸೂರವನ್ನಿಟ್ಟು, ಪರದೆಯನ್ನು ಅದರ ನಾಭಿಗಿಂತ ಕೊಂಚ ಒಳಗೆ ನಿಲ್ಲಿಸಿದರೆ, ಪರದೆಯ ಹಿಂದೆ ಒಂದೆರಡು ಮೀಟರ್ ಅಥವಾ ಅದಕ್ಕೂ ದೂರದಲ್ಲಿ ದೊಡ್ಡದಾದ ಮಿಥ್ಯಾಬಿಂಬ ಮೂಡುವುದು. ಕೈಯಲ್ಲಿ ಹಿಡಿಯುವ ಭೂತಗನ್ನಡಿಯ ತತ್ತ್ವವೇ ಇದು. ಗಾಜು ದಪ್ಪವಾದರೆ ಭಾರ. ಆದುದರಿಂದ 2016ರ ರಿಫ್ಟ್ ಮತ್ತು ವೈವ್ ಎಂಬ ದರ್ಶಕಗಳಲ್ಲಿ ಫ್ರೆನೆಲನ ಮಸೂರದ ತತ್ತ್ವವನ್ನು ಬಳಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ದೀಪಸ್ತಂಭಗಳಿಗಾಗಿ ಹುಟ್ಟಿದ, ಉಂಗುರ ಉಂಗುರವಾಗಿ ಕತ್ತರಿಸಿದ ತೆಳು ಮಸೂರವದು. ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರ ಬಂದಾಗ ಆ ಉಂಗುರಗಳ ಅಂಚಿನಿಂದ ಬೆಳಕು ಚೆದರಿ ಕಿರಣಗಳಂತೆ ಹಬ್ಬುವುದು ಅದರ ಕೊರತೆ. ಆಟದ ಭರದಲ್ಲಿ ಇದು ಗಮನಕ್ಕೆ ಬಾರದು. ಚಲನಚಿತ್ರದ ಕತ್ತಲೆಯ ದೃಶ್ಯಗಳಲ್ಲಿ ಕಣ್ಣಿಗೆ ಚುಚ್ಚುವುದು. ಈಚಿನ ಕ್ವೆಸ್ಟ್ 3 ಮುಂತಾದವುಗಳಲ್ಲಿ ಧ್ರುವೀಕರಿಸಿದ ಬೆಳಕನ್ನು ಮಸೂರದೊಳಗೇ ಹಿಂದುಮುಂದಾಗಿ ಮಡಿಸಿ ಒಯ್ಯುವ ಉಪಾಯವಿದೆ. ಸಾಧನ ತೆಳುವಾಗುವುದೇನೋ ನಿಜ; ಆದರೆ ಅರೆಬೆಳ್ಳಿಯ ಲೇಪವನ್ನು ಬೆಳಕು ಎರಡು ಸಲ ಎದುರಿಸಬೇಕಾದುದರಿಂದ, ಏನು ಮಾಡಿದರೂ ಕಾಲುಭಾಗಕ್ಕಿಂತ ಹೆಚ್ಚು ಕಣ್ಣನ್ನು ಮುಟ್ಟದು.

ಇನ್ನು ಗಾತ್ರದ ಮಾತು. ಸೋನಿ ಸಂಸ್ಥೆ 2011ರಲ್ಲಿ ಹೊರತಂದ ಎಚ್.ಎಂ.ಜೆಡ್. ಟಿ1 ಎಂಬ ದರ್ಶಕವನ್ನು ‘20 ಮೀಟರ್ ದೂರದಿಂದ ನೋಡುವ 750 ಅಂಗುಲದ ತೆರೆ’ ಎಂದು ಬಣ್ಣಿಸಲಾಗಿತ್ತು. 750 ಅಂಗುಲ! ಕೇಳಿದವರು ಬೆರಗಾಗಬೇಕು. ಆದರೆ ಲೆಕ್ಕ ಹಾಕಿ ನೋಡೋಣ. ಕರ್ಣವು 750 ಅಂಗುಲವಿರುವ ತೆರೆಯ ಅಗಲ ಸುಮಾರು 16.6 ಮೀಟರ್. 20 ಮೀಟರ್ ದೂರದಿಂದ ಅದು ಕಣ್ಣಿನಲ್ಲಿ 45 ಡಿಗ್ರಿ ಕೋನವನ್ನು ಉಂಟುಮಾಡುವುದು. 75 ಅಂಗುಲದ ದೂರದರ್ಶನವನ್ನು 2 ಮೀಟರ್ ದೂರದಲ್ಲಿ ಕುಳಿತು ನೋಡಿದರೂ ಅದೇ 45 ಡಿಗ್ರಿ. ಏಳೂವರೆ ಅಂಗುಲದ ಪುಟ್ಟ ಹಲಗೆಯನ್ನು ಒಂದು ಗೇಣು ದೂರದಲ್ಲಿ ಹಿಡಿದರೂ ಅದೇ. ಹೇಳಿದ್ದು ಸುಳ್ಳಲ್ಲ; ಆದರೆ ದೂರವನ್ನು ಬಿಟ್ಟು ಅಂಗುಲವನ್ನು ಮಾತ್ರ ನೆನಪಿಡುವವನು ಮೋಸಹೋಗುವನು. ಶಿರೋದರ್ಶಕಕ್ಕೆ ಅಂಗುಲವೆಂಬ ಅಳತೆಯೇ ಸಲ್ಲದು ಎಂಬುದು ನಮ್ಮ ಮತ. ಕೇಳಬೇಕಾದದ್ದು ಎಷ್ಟು ಡಿಗ್ರಿ ಎಂದು.

ಡಿಗ್ರಿ ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ತಾನಾಗಿ ಏಳುವುದು: ಪ್ರತಿ ಡಿಗ್ರಿಗೆ ಚಿತ್ರಬಿಂದುಗಳು ಎಷ್ಟು? ಪಿಕ್ಸೆಲ್ ಎನ್ನುವುದು ಈ ಬಿಂದುವನ್ನೇ. ಆರೋಗ್ಯವಂತ ಕಣ್ಣು ಡಿಗ್ರಿಯ ಅರುವತ್ತರಲ್ಲೊಂದು ಪಾಲಿನಷ್ಟು ಅಂತರವಿರುವ ಎರಡು ಗೆರೆಗಳನ್ನು ಬೇರೆಯಾಗಿ ಕಾಣಬಲ್ಲುದು. ಆದುದರಿಂದ ಡಿಗ್ರಿಗೆ 60 ಬಿಂದುಗಳಿದ್ದರೆ ಬಿಂದುಗಳು ಕಣ್ಮರೆಯಾಗಿ ಚಿತ್ರವೊಂದೇ ಉಳಿಯುವುದು. ಸೋನಿಯ ದರ್ಶಕದಲ್ಲಿ ಅಡ್ಡಸಾಲಿನ 1280 ಬಿಂದುಗಳು 45 ಡಿಗ್ರಿಯಲ್ಲಿ ಹಂಚಿಕೊಂಡಿದ್ದವು. ಡಿಗ್ರಿಗೆ 28 ಬಿದ್ದಂತಾಯಿತು. 2013ರಲ್ಲಿ ಆಟಗಳನ್ನು ರಚಿಸುವವರಿಗಾಗಿ ಬಂದ ಆಕ್ಯುಲಸ್ ರಿಫ್ಟಿನ ಮೊದಲ ಮಾದರಿಯಲ್ಲಿ ಒಂದೊಂದು ಕಣ್ಣಿಗೆ ಅಡ್ಡಲಾಗಿ 640 ಬಿಂದುಗಳು ಸುಮಾರು 90 ಡಿಗ್ರಿಯಲ್ಲಿ ಹರಡಿದ್ದವು. ಡಿಗ್ರಿಗೆ ಏಳೇ ಏಳು! ನೇತ್ರವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಅದನ್ನು ತೊಟ್ಟವನ ದೃಷ್ಟಿ 6/50ರಷ್ಟಕ್ಕೆ ಇಳಿಯಿತು. ಲೋಕವೆಲ್ಲ ಸೊಳ್ಳೆಪರದೆಯ ಒಳಗಿನಿಂದ ಕಂಡಂತೆ ಕಾಣುತ್ತಿತ್ತು. ಆದರೂ ಜನ ಅದನ್ನು ತೊಟ್ಟು ರೋಮಾಂಚನಗೊಂಡರು. ಮರುವರ್ಷ ಫೇಸ್‌ಬುಕ್ ಸಂಸ್ಥೆ ಆ ಕಂಪೆನಿಯನ್ನು ಕೊಂಡಿತು. ಏಕೆಂದರೆ ಆ ಮಸುಕು ಲೋಕ ತಲೆ ತಿರುಗಿದಾಗ ನಿಂತಲ್ಲಿಯೇ ನಿಲ್ಲುತ್ತಿತ್ತು, ಮತ್ತು ಸುತ್ತಲೂ ಇತ್ತು.

ಇಲ್ಲಿಂದಲೇ ಹಾದಿ ಕವಲೊಡೆಯುವುದು. ಮನುಷ್ಯನ ಎರಡು ಕಣ್ಣುಗಳೂ ಸೇರಿ ಅಡ್ಡಲಾಗಿ ಸುಮಾರು 200 ಡಿಗ್ರಿಯಷ್ಟನ್ನು ನೋಡುವುವು. ಆಟದ ದರ್ಶಕಕ್ಕೆ ಇದರಲ್ಲಿ ಅರ್ಧದಷ್ಟಾದರೂ ಬೇಕು. ಇಲ್ಲದಿದ್ದರೆ ಕೊಳವೆಯೊಳಗಿಂದ ಇಣಿಕಿದಂತಾಗಿ, ‘ನಾನು ಇಲ್ಲಿದ್ದೇನೆ’ ಎಂಬ ಭಾವ ಹುಟ್ಟದು. ಚಲನಚಿತ್ರಕ್ಕಾದರೋ 30ರಿಂದ 45 ಡಿಗ್ರಿ ಧಾರಾಳವಾಗಿ ಸಾಕು. ಒಳ್ಳೆಯ ಚಿತ್ರಮಂದಿರದ ಒಳ್ಳೆಯ ಆಸನದಿಂದ ಕಾಣುವುದೂ ಅಷ್ಟೇ. ಅದಕ್ಕಿಂತ ಅಗಲವಾದರೆ ಪಾತ್ರಗಳ ಮುಖವನ್ನು ನೋಡಲು ತಲೆ ತಿರುಗಿಸುತ್ತ ಕೂರಬೇಕಾದೀತು.

ಹಾಗಿದ್ದರೆ ಆಟದ ದರ್ಶಕದಲ್ಲೇ ಚಲನಚಿತ್ರವನ್ನು ನೋಡಬಾರದೇಕೆ? ನೋಡಬಹುದು. 2023ರ ಕ್ವೆಸ್ಟ್ 3ರಲ್ಲಿ ಡಿಗ್ರಿಗೆ ಸುಮಾರು 25 ಬಿಂದುಗಳು. ಅದರೊಳಗಿನ ಕಲ್ಪಿತ ಚಿತ್ರಮಂದಿರದಲ್ಲಿ 45 ಡಿಗ್ರಿಯ ತೆರೆಯನ್ನು ಕಟ್ಟಿದರೆ, ಆ ತೆರೆಯ ಪಾಲಿಗೆ ಬರುವುದು ಅಡ್ಡಸಾಲಿನ 1125 ಬಿಂದುಗಳು ಮಾತ್ರ. ಚಿತ್ರದಲ್ಲಿರುವುದು 1920. ಉಳಿದ ಬಿಂದುಗಳೆಲ್ಲ ಎಲ್ಲಿ ಹೋದವು? ಕತ್ತಲೆಯ ಗೋಡೆಯನ್ನೂ ಖಾಲಿ ಕುರ್ಚಿಗಳನ್ನೂ ಚಿತ್ರಿಸಲು ಹೋದವು. ಇದಕ್ಕೆ ಎದುರಾಗಿ, 2022ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಎಕ್ಸ್‌ರಿಯಲ್ ಏರ್ ಎಂಬ ಕನ್ನಡಕದಂಥ ದರ್ಶಕದ ನೋಟ ಕರ್ಣದ ಉದ್ದಕ್ಕೆ 46 ಡಿಗ್ರಿ, ಅಡ್ಡಲಾಗಿ ನಾಲ್ವತ್ತರಷ್ಟು. ಬಿಂದುಗಳು ಅಡ್ಡಸಾಲಿಗೆ 1920. ಡಿಗ್ರಿಗೆ 47ರಷ್ಟಾಯಿತು. ತೂಕ 79 ಗ್ರಾಂ. ಕ್ವೆಸ್ಟಿನ ತೂಕ 515 ಗ್ರಾಂ. ಅಗ್ಗದ, ಹಗುರವಾದ, ಇಕ್ಕಟ್ಟಾದ ಸಾಧನವು ಚಿತ್ರ ನೋಡುವುದರಲ್ಲಿ ತನಗಿಂತ ಎಷ್ಟೋ ಜಾಣವಾದುದನ್ನು ಸೋಲಿಸಿತು!

ಬಿಂದುಗಳನ್ನು ಹೆಚ್ಚಿಸಿದರಾಯಿತಲ್ಲ ಎಂದು ಕೇಳಬಹುದು. 100 ಡಿಗ್ರಿ ಅಗಲ, 100 ಡಿಗ್ರಿ ಎತ್ತರ, ಡಿಗ್ರಿಗೆ 60 ಬಿಂದು: ಒಂದು ಕಣ್ಣಿಗೆ 3 ಕೋಟಿ 60 ಲಕ್ಷ. ಎರಡು ಕಣ್ಣಿಗೆ, ಸೆಕೆಂಡಿಗೆ 90 ಚಿತ್ರಗಳಂತೆ, 648 ಕೋಟಿ ಬಿಂದುಗಳು. ಸಾಮಾನ್ಯ ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳಂತೆ ಸುಮಾರು 5 ಕೋಟಿ ಬಿಂದುಗಳು. ನೂರಮೂವತ್ತು ಪಟ್ಟು ಅಂತರ! ಅದೂ ಅಲ್ಲದೆ ಚಲನಚಿತ್ರವನ್ನು ತೆಗೆದು ತೋರಿಸಿದರಾಯಿತು. ಆಟದ ಚಿತ್ರವನ್ನು ಆ ಕ್ಷಣದಲ್ಲಿ ಲೆಕ್ಕಹಾಕಿ ಬರೆಯಬೇಕು. 2023ರ ಪ್ಲೇಸ್ಟೇಷನ್ ವಿ.ಆರ್. 2ರಲ್ಲಿಯೂ 2024ರ ಆಪಲ್ ವಿಷನ್ ಪ್ರೋದಲ್ಲಿಯೂ ಇದಕ್ಕೊಂದು ಜಾಣ ಪರಿಹಾರವಿದೆ. ನಮ್ಮ ಅಕ್ಷಿಪಟದ ನಡುವಣ ಕೆಲವೇ ಡಿಗ್ರಿಗಳಷ್ಟು ಜಾಗ ಮಾತ್ರ ನಿಜವಾಗಿ ತೀಕ್ಷ್ಣ. ಕಣ್ಣು ಎತ್ತ ನೋಡುತ್ತಿದೆಯೆಂಬುದನ್ನು ಸಣ್ಣ ಕ್ಯಾಮರಾಗಳಿಂದ ತಿಳಿದು ಅಲ್ಲಿ ಮಾತ್ರ ಸ್ಪಷ್ಟವಾಗಿ ಬರೆದು, ಉಳಿದುದನ್ನು ಒರಟಾಗಿ ಬಿಡುವುದು. ಕಣ್ಣಿಗೆ ಮೋಸ ತಿಳಿಯದು.

ಈಗ ಮೊದಲು ಮಾಡಿದ ಪ್ರಯೋಗಕ್ಕೆ ಬರೋಣ. ಆಟದ ದರ್ಶಕವನ್ನು ತೊಟ್ಟವನು ತಲೆಯನ್ನು ಸೆಕೆಂಡಿಗೆ 100 ಡಿಗ್ರಿಯ ವೇಗದಲ್ಲಿ ತಿರುಗಿಸಿದನೆಂದು ಭಾವಿಸೋಣ, ಇದೇನೂ ಅತಿವೇಗವಲ್ಲ. ತಲೆ ತಿರುಗಿದುದನ್ನು ಅಳೆದು, ಚಿತ್ರವನ್ನು ಬರೆದು, ಪರದೆಯಲ್ಲಿ ಬೆಳಗಿಸಲು ಯಂತ್ರಕ್ಕೆ 100 ಮಿಲಿಸೆಕೆಂಡು ಹಿಡಿದರೆ ಆ ಹೊತ್ತಿಗೆ ತಲೆ 10 ಡಿಗ್ರಿ ಸರಿದಿರುವುದು. ಚಾಚಿದ ಕೈಯ ಮುಷ್ಟಿಯ ಅಗಲ ಅಷ್ಟು. ಲೋಕವೆಲ್ಲ ಒಂದು ಮುಷ್ಟಿಯಷ್ಟು ಜಾರಿ, ಆಮೇಲೆ ಸ್ವಸ್ಥಾನಕ್ಕೆ ಬಂದು ನಿಂತಂತೆ ತೋರುವುದು. ಕಣ್ಣು ಕಿವಿಯ ಮಾತನ್ನು ನಂಬಿ ಆಗಲೇ ತಿರುಗಿಬಿಟ್ಟಿದೆ, ಲೋಕ ಹಿಂದುಳಿದಿದೆ. ಆದುದರಿಂದ ಈ ವಿಳಂಬ 20 ಮಿಲಿಸೆಕೆಂಡನ್ನು ಮೀರಬಾರದೆಂದು ಯಂತ್ರಜ್ಞರು ಗುರಿಯಿಟ್ಟುಕೊಂಡರು. ಅಷ್ಟರಲ್ಲೂ 2 ಡಿಗ್ರಿ, ಎಂದರೆ ನಾಲ್ಕು ಪೂರ್ಣಚಂದ್ರರ ಅಗಲ, ತಪ್ಪುವುದು. ಅದನ್ನು ಮುಚ್ಚಲು ತಲೆ ಮುಂದಿನ ಕ್ಷಣದಲ್ಲಿ ಎಲ್ಲಿರುವುದೆಂದು ಗಣಕವು ಊಹಿಸಿ ಬರೆಯುವುದು. ಕೊನೆಯ ಗಳಿಗೆಯಲ್ಲಿ ಮತ್ತೊಮ್ಮೆ ತಲೆಯ ಸ್ಥಿತಿಯನ್ನು ನೋಡಿ ಬರೆದ ಚಿತ್ರವನ್ನೇ ಕೊಂಚ ಸರಿಸುವುದು.

ಅಷ್ಟೂ ಸಾಲದು. ಸೆಕೆಂಡಿಗೆ 90 ಚಿತ್ರಗಳೆಂದರೆ ಒಂದೊಂದಕ್ಕೆ 11 ಮಿಲಿಸೆಕೆಂಡು. ಆ ಕಾಲವೆಲ್ಲ ಚಿತ್ರ ಬೆಳಗಿಕೊಂಡೇ ಇದ್ದರೆ, ತಲೆಯೊಡನೆ ಸರಿಯುವ ಪರದೆಯ ಮೇಲಿನ ಒಂದು ಬಿಂದು, ಸ್ಥಿರವಾಗಿ ನೋಡುತ್ತಿರುವ ಕಣ್ಣಿನಲ್ಲಿ ಒಂದು ಡಿಗ್ರಿಗೂ ಮಿಕ್ಕಿ ಉಜ್ಜಿಹೋಗುವುದು. ಕ್ವೆಸ್ಟಿನಂಥ ದರ್ಶಕದಲ್ಲಿ 27 ಬಿಂದುಗಳ ಉದ್ದದ ಗೀರು. ಆದುದರಿಂದ ಪರದೆಯನ್ನು ಒಂದೆರಡು ಮಿಲಿಸೆಕೆಂಡು ಮಾತ್ರ ಮಿಂಚಿಸಿ ಉಳಿದ ಕಾಲ ಕತ್ತಲೆಯಲ್ಲಿಡುವರು. ತೊಟ್ಟವನು ಬಹುಪಾಲು ಕಾಲ ಕತ್ತಲೆಯನ್ನೇ ನೋಡುತ್ತಿರುತ್ತಾನೆ. ಅದು ಅವನಿಗೆ ತಿಳಿಯದಷ್ಟೆ.

ಚಲನಚಿತ್ರ ನೋಡುವವನಿಗೆ ಈ ತೊಡಕುಗಳಲ್ಲಿ ಒಂದೂ ಇಲ್ಲ. ಚಿತ್ರ ಒಂದಿಡೀ ಸೆಕೆಂಡು ತಡವಾಗಿ ಬಂದರೂ, ಶಬ್ದವೂ ಅಷ್ಟೇ ತಡವಾಗಿ ಬಂದರೆ ಚಿಂತೆಯಿಲ್ಲ. ಅವನಿಗೆ ಬೇಕಾದದ್ದು ಆಳವಾದ ಕಪ್ಪು, ನಿಷ್ಠವಾದ ಬಣ್ಣ, ಮತ್ತು 24ರ ಲಯ. ವಿಷನ್ ಪ್ರೋದ ಪರದೆ ಸೆಕೆಂಡಿಗೆ 90 ಸಲವಲ್ಲದೆ 96 ಸಲವೂ ನಡೆಯಬಲ್ಲುದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? 24ನ್ನು ನಾಲ್ಕರಿಂದ ಗುಣಿಸಿದರೆ 96. ಪ್ರತಿ ಚಿತ್ರವೂ ಸರಿಯಾಗಿ ನಾಲ್ಕು ಸಲ ಬೆಳಗುವುದು. 90ರಲ್ಲಿಯಾದರೆ ಕೆಲವು ಮೂರು ಸಲ, ಕೆಲವು ನಾಲ್ಕು ಸಲ ಬೆಳಗಿ ನಡಿಗೆ ಕುಂಟುವುದು. ಎರಡು ಕಸುಬನ್ನೂ ಒಂದೇ ಯಂತ್ರಕ್ಕೆ ಕಲಿಸಲು ಪಟ್ಟ ಪಾಡು ಇಂಥ ಸಣ್ಣ ವಿವರಗಳಲ್ಲಿ ಕಾಣುವುದು. ಆ ಯಂತ್ರದ ಬೆಲೆ ಅಮೆರಿಕದಲ್ಲಿ 3499 ಡಾಲರ್. ತೂಕ 600 ಗ್ರಾಮಿನ ಮೇಲೆ, ಜೇಬಿನಲ್ಲಿಡುವ ಬ್ಯಾಟರಿ ಬೇರೆ. ಬ್ಯಾಟರಿಯು ಚಲನಚಿತ್ರಕ್ಕೆ ಎರಡೂವರೆ ಗಂಟೆ ಬರುವುದೆಂದು ಹೇಳಿದ್ದರು. ನಮ್ಮ ಕೆಲವು ಕನ್ನಡ ಚಿತ್ರಗಳಿಗೆ ಇದು ಸಾಲದೆಂದು ಕಾಣುತ್ತದೆ.

ಹೊಟ್ಟೆ ತೊಳಸುವುದರ ವಿಚಾರ ಇನ್ನೂ ಉಳಿದಿದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಅನುಭವವುಂಟು: ಕಿವಿ ಚಲಿಸುತ್ತಿದ್ದೇನೆ ಎನ್ನುತ್ತದೆ, ಪುಟದ ಮೇಲಿರುವ ಕಣ್ಣು ಇಲ್ಲವೆನ್ನುತ್ತದೆ. ಇಂದ್ರಿಯಗಳ ಈ ಜಗಳದಿಂದಲೇ ವಾಕರಿಕೆ ಹುಟ್ಟುವುದೆಂಬ ವಾದವನ್ನು ರೀಸನ್ ಮತ್ತು ಬ್ರ್ಯಾಂಡ್ ಎಂಬವರು 1975ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ಆಟದ ದರ್ಶಕದಲ್ಲಿ ಜಗಳ ತಿರುಗುಮುರುಗು. ಕುರ್ಚಿಯಲ್ಲಿ ಕುಳಿತವನ ಕಣ್ಣೆದುರು ಕಾರು ಓಡುತ್ತದೆ, ಕಿವಿ ನಿಶ್ಚಲ. ಯಂತ್ರ ಎಷ್ಟೇ ಪರಿಪೂರ್ಣವಾದರೂ ಈ ವಿರೋಧ ಅಳಿಯದು; ಇದು ಯಂತ್ರದ ದೋಷವಲ್ಲ, ಆಟದ ರಚನೆಯ ದೋಷ. ಇಲ್ಲೊಂದು ಸೂಕ್ಷ್ಮವುಂಟು. ‘ನಾನು ಚಲಿಸುತ್ತಿದ್ದೇನೆ’ ಎಂಬ ಭ್ರಮೆಯನ್ನು ಬಲವಾಗಿ ಎಬ್ಬಿಸುವುದು ನೋಟದ ನಡುಭಾಗಕ್ಕಿಂತ ಅಂಚಿನ ಭಾಗ. ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಂತೆ ಬೆಚ್ಚುವುದಿಲ್ಲವೆ? ಆದುದರಿಂದ ಅಂಚನ್ನು ಮುಚ್ಚಿದರೆ ಜಗಳ ತಣಿಯಬೇಕು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಫರ್ನಾಂಡಿಸ್ ಮತ್ತು ಫೈನರ್ 2016ರಲ್ಲಿ ಇದನ್ನೇ ಪರೀಕ್ಷಿಸಿ, ಚಲಿಸುವಾಗ ಮಾತ್ರ ನೋಟದ ಅಂಚನ್ನು ಮೆಲ್ಲಗೆ ಕಿರಿದುಮಾಡಿದರೆ ತೊಂದರೆ ತಗ್ಗುವುದೆಂದು ತೋರಿಸಿದರು. ನೋಟದ ದರ್ಶಕ ಇಕ್ಕಟ್ಟಾಗಿರುವುದು ಹೀಗೆ ಒಂದು ರಕ್ಷೆಯೂ ಆಗಿದೆ: ತೆರೆಯ ಸುತ್ತ ಕೋಣೆಯ ಗೋಡೆ ಕಾಣುತ್ತಿರುವುದರಿಂದ ಕಿವಿಗೆ ಸಾಕ್ಷಿ ಸಿಕ್ಕಿದಂತಾಗುವುದು.

ಆಟದಿಂದ ಎದ್ದವನಿಗೆ ತಲೆ ಹಗುರಾದಂತೆ, ನೆಲ ಓಲಿದಂತೆ ಕೆಲಕಾಲ ತೋರಬಹುದು. ಅದು ಇಳಿಯುವ ತನಕ ವಾಹನ ನಡೆಸಬಾರದೆಂದು ತಯಾರಕರೇ ತಮ್ಮ ಪುಸ್ತಿಕೆಗಳಲ್ಲಿ ಎಚ್ಚರಿಸುತ್ತಾರೆ. ಎಳೆಯ ಮಕ್ಕಳ ವಿಷಯದಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ: ಸೋನಿ 12 ವರ್ಷ, ಆಪಲ್ 13 ವರ್ಷ ಎಂದರೆ, ಮೆಟಾ 2023ರಲ್ಲಿ 13ರ ಮಿತಿಯನ್ನು ತಂದೆತಾಯಿಗಳ ಮೇಲ್ವಿಚಾರಣೆಯ ಷರತ್ತಿನೊಡನೆ 10ಕ್ಕೆ ಇಳಿಸಿತು. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಣ ಅಂತರ ಸರಾಸರಿ 63 ಮಿಲಿಮೀಟರ್, ಮಕ್ಕಳದು ಕಡಮೆ. ಮಸೂರಗಳು ಅಷ್ಟು ಹತ್ತಿರ ಬಾರದಿದ್ದರೆ ಮಗು ಮಸೂರದ ಅಂಚಿನಿಂದ ನೋಡುವಂತಾಗುವುದು. ಇನ್ನೊಂದು ತೊಡಕು ಎರಡು ಬಗೆಯ ದರ್ಶಕಗಳಿಗೂ ಸಮಾನ. ನಿಜಲೋಕದಲ್ಲಿ ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಣ್ಣುಗಳೂ ಒಳಕ್ಕೆ ತಿರುಗುವುವು, ಜೊತೆಗೆ ಕಣ್ಣಿನ ಮಸೂರವೂ ಉಬ್ಬುವುದು. ದರ್ಶಕದಲ್ಲಿ ಬಿಂಬದ ದೂರ ಒಂದೇ. ಕಣ್ಣುಗಳು ತಿರುಗುತ್ತವೆ, ಮಸೂರ ಕದಲುವಂತಿಲ್ಲ. ಇದರಿಂದ ಕಣ್ಣು ದಣಿಯುವುದೆಂಬುದನ್ನು ಬ್ಯಾಂಕ್ಸ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಯೋಗದಿಂದ ತೋರಿಸಿದರು. ಚಪ್ಪಟೆಯ ಚಿತ್ರವನ್ನು ದೂರದ ತೆರೆಯಲ್ಲಿ ನೋಡುವವನಿಗೆ ಈ ಕಾಟ ಅತ್ಯಲ್ಪ. ಕೈಯಳತೆಯಲ್ಲಿ ವಸ್ತುಗಳನ್ನು ಎತ್ತಿ ಆಡುವವನಿಗೆ ಹೆಚ್ಚು.

ಕೊಳ್ಳುವ ಮುನ್ನ ತೊಟ್ಟು ನೋಡುವವರು ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಆಟದ ದರ್ಶಕವಾದರೆ ದೂರದ ಒಂದು ಅಕ್ಷರವನ್ನು ನೋಡುತ್ತ ತಲೆಯನ್ನು ಬೇಗಬೇಗನೆ ಎಡಬಲಕ್ಕೆ ಆಡಿಸುವುದು. ಅಕ್ಷರ ಗೋಡೆಗೆ ಬರೆದಂತೆ ನಿಲ್ಲಬೇಕು. ಬಳಿಕ ತಲೆಯನ್ನು ಪಕ್ಕಕ್ಕೆ ಒಂದು ಗೇಣು ಸರಿಸುವುದು. ಹತ್ತಿರದ ವಸ್ತು ಹೆಚ್ಚು, ದೂರದ್ದು ಕಡಮೆ ಸರಿಯಬೇಕು. ತಿರುಗುವಿಕೆಯನ್ನು ಮಾತ್ರ ಅಳೆದು ಸರಿಯುವಿಕೆಯನ್ನು ಅಳೆಯದ ದರ್ಶಕಗಳು ಇಲ್ಲಿ ಸೋಲುವುವು. ನೋಟದ ದರ್ಶಕಕ್ಕೆ ಈ ಪರೀಕ್ಷೆ ಬೇಡ. ಅಲ್ಲಿ ಚಿತ್ರದ ಕೆಳಗೆ ಬರುವ ಸಣ್ಣ ಅಕ್ಷರಗಳನ್ನು ನಾಲ್ಕು ಮೂಲೆಗಳಲ್ಲಿಯೂ ಓದಿ ನೋಡಬೇಕು, ಮತ್ತು ಅರ್ಧ ಗಂಟೆಯಾದರೂ ಮೂಗಿನ ಮೇಲೆ ಹೊತ್ತಿರಬೇಕು.

ಪ್ರಯಾಣದಲ್ಲಿ ನೋಡಬೇಕೆನ್ನುವವರಿಗೆ ಒಂದು ಮಾತು. ತೆರೆಯನ್ನು ಗಾಳಿಯಲ್ಲಿ ಒಂದೆಡೆ ನೆಟ್ಟಂತೆ ತೋರಿಸುವ ದರ್ಶಕವು ತನ್ನೊಳಗಿನ ಭ್ರಮಣಮಾಪಕವನ್ನು ನಂಬಿರುತ್ತದೆ. ಬಸ್ಸು ತಿರುವಿನಲ್ಲಿ ತಿರುಗಿದರೆ, ತಿರುಗಿದ್ದು ತಲೆಯೋ ಬಸ್ಸೋ ಎಂಬುದು ಆ ಮಾಪಕಕ್ಕೆ ತಿಳಿಯದು. ತೆರೆ ಮೆಲ್ಲಗೆ ಜಾರಿ ಕಿಟಕಿಯ ಕಡೆಗೆ ಹೊರಟುಹೋಗುವುದು. ವಿಷನ್ ಪ್ರೋದಲ್ಲಿ ವಿಮಾನಪ್ರಯಾಣಕ್ಕೆಂದೇ ಬೇರೊಂದು ವ್ಯವಸ್ಥೆಯನ್ನು ಇಟ್ಟಿರುವುದು ಇಂಥ ತೊಡಕಿನಿಂದಲೇ. ಅಳೆಯುವ ಗೋಜಿಗೇ ಹೋಗದೆ ತೆರೆಯನ್ನು ತಲೆಗೇ ಅಂಟಿಸಿಬಿಟ್ಟ ಹೈಲಿಗನ ಹಳೆಯ ಪದ್ಧತಿಗೆ ಬಸ್ಸು ಎತ್ತ ತಿರುಗಿದರೂ ಒಂದೇ.